ಮಗ್ಗದ ಚಪ್ಪಲಿ

ನಮ್ಮ ಮನೆಯವರು ಚಪ್ಪಲಿ ಕೊಳ್ಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಅಂಗಡಿಯವರು ಹೊಸ ಜೋಡು ಮುಂದಿಟ್ಟ ಕೂಡಲೇ ಕಾಲು ತೂರಿಸಿ ಎದ್ದು ನಿಲ್ಲುವರು. ಕಣ್ಣು ಮುಚ್ಚುವರು. ಅಂಗಡಿಯ ಈ ಗೋಡೆಯಿಂದ ಆ ಗೋಡೆಯವರೆಗೆ ನಿಧಾನವಾಗಿ ನಡೆದು, ತಿರುಗಿ ಬರುವರು. ಬಣ್ಣ ಕೇಳುತ್ತಿರಲಿಲ್ಲ, ಕನ್ನಡಿಯಲ್ಲಿ ನೋಡುತ್ತಿರಲಿಲ್ಲ. ದೂರದಲ್ಲಿ ಯಾರೋ ಆಡುತ್ತಿರುವ ಮಾತನ್ನು ಕೇಳಿಸಿಕೊಳ್ಳುವವರ ಹಾಗೆ ತಲೆ ಸ್ವಲ್ಪ ವಾಲಿರುತ್ತಿತ್ತು. ಬೇರೆ ಗಿರಾಕಿಗಳು ನಗುತ್ತಿದ್ದರು. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ರಸ್ತೆಯ ಕಡೆ ನೋಡುತ್ತ ನಿಲ್ಲುತ್ತಿದ್ದೆ.

"ಕಣ್ಣು ಮುಚ್ಚಿ ಯಾಕ ನಡೀತೀರಿ? ಗ್ವಾಡಿಗೆ ಹಾಯ್ದ್ರ?" ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ಹಾಕ್ಕೊಳ್ಳೋದು ಕಾಲಿಗೆ ಹೌದಿಲ್ಲ? ಕಾಲು ಮಾತಾಡೂ ಮುಂದ ಕಣ್ಣು ಯಾಕ ನಡುವ ಬಾಯಿ ಹಾಕಬೇಕು?" ಎಂದಿದ್ದರು.

ಅವರ ಹೆಸರು ಶರಣಪ್ಪ. ಗದ್ವಾಲದಲ್ಲಿ ಸೀರೆ ನೇಯುವವರು. ನಾನು ಕೃಷ್ಣಾ ಹೊಳೆಯ ದಂಡೆಯ ಹಳ್ಳಿಯವಳು, ಅಲ್ಲಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು. ಇಲ್ಲಿ ಬೀದಿಗಿಳಿದರೆ ತೆಲುಗು, ಮನೆಯೊಳಗೆ ಕನ್ನಡ. ಈಗ ಮನೆಯೊಳಗೆ ಮಾತಾಡುವವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗದ್ವಾಲದ ಸೀರೆಯ ಒಡಲು ಹತ್ತಿಯ ನೂಲಿನದು, ಅಂಚು ರೇಷ್ಮೆಯದು. ಎರಡನ್ನೂ ಆಮೇಲೆ ಹೊಲಿಯುವುದಿಲ್ಲ, ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಒಬ್ಬರ ಕೈಗೆ ಆಗುವ ಕೆಲಸವಲ್ಲ. ಅವರು ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹಲಗೆಗಳನ್ನು ತುಳಿಯುತ್ತ ಒಡಲಿನ ಲಾಳಿ ಬಿಡುತ್ತಿದ್ದರು. ನಾನು ಅವರ ಎಡಗಡೆ ಕುಳಿತು, ಆ ಲಾಳಿ ನನ್ನ ಕಡೆ ಬಂದ ತಕ್ಷಣ ಅಂಚಿನ ರೇಷ್ಮೆಯ ಎಳೆಯನ್ನು ಅದಕ್ಕೆ ಸಿಕ್ಕಿಸಿ ಹಿಂದಕ್ಕೆ ಕಳುಹಿಸುತ್ತಿದ್ದೆ. ನಮ್ಮ ಸಂಸಾರವೆಲ್ಲ ಹೀಗೆ ಪಕ್ಕಪಕ್ಕದಲ್ಲಿ ಕುಳಿತು ನಡೆಯಿತು. ಎದುರುಬದುರು ಕುಳಿತದ್ದು ಕಡಿಮೆ. ಅವರ ಮುಖವನ್ನು ನೆನೆದರೆ ಎಡಗಡೆಯಿಂದ ಕಂಡ ಒಂದು ಕಿವಿ, ಒಂದು ಕೆನ್ನೆ, ಹಣೆಯ ಅರ್ಧ ವಿಭೂತಿ ಮೊದಲು ಬರುತ್ತವೆ.

ಮಗ್ಗದ ಕುಣಿ ಕತ್ತಲೆಯ ಜಾಗ. ಕಾಲಿನ ಕೆಳಗಿನ ಹಲಗೆಗಳು ಮೇಲೆ ಕುಳಿತವರಿಗೆ ಕಾಣುವುದಿಲ್ಲ. ಒಂದನ್ನು ಒತ್ತಿದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಎರಡು ಪಾಲಾಗಿ ತೆರೆಯುತ್ತವೆ, ನಡುವೆ ಲಾಳಿ ಹೋಗುತ್ತದೆ. ಇನ್ನೊಂದನ್ನು ಒತ್ತಿದರೆ ಮೇಲಿದ್ದ ಎಳೆ ಕೆಳಗೆ, ಕೆಳಗಿದ್ದದ್ದು ಮೇಲೆ. ಅವರು ಕುಣಿಯೊಳಗೆ ಒಮ್ಮೆಯೂ ಬಗ್ಗಿ ನೋಡಿದವರಲ್ಲ. ಬರಿಗಾಲಿನ ಬೆರಳುಗಳಿಂದ ಹಲಗೆಯ ಅಂಚನ್ನು ಹಿಡಿದು, ಹಿಮ್ಮಡಿಯಿಂದ ಎಷ್ಟು ಬೇಕೋ ಅಷ್ಟೇ ಒತ್ತುತ್ತಿದ್ದರು. ಹಲಗೆಗಳ ಮೇಲೆ ಅವರ ಪಾದಗಳ ಆಕಾರದಲ್ಲಿ ತಗ್ಗು ಬಿದ್ದಿತ್ತು. ಓಣಿಯಲ್ಲಿ ಯಾರು ಹೋದರೂ ಹೆಜ್ಜೆಯ ಸಪ್ಪಳದಿಂದಲೇ ಹೇಳುವರು. "ಈರಣ್ಣ ಬಂದ. ಎಡಗಾಲ ಚಪ್ಪಲಿ ಉಂಗುಟ ಸಡ್ಲ ಆಗೈತಿ ಅವನದು, ಎಳಕೊಂಡು ನಡೀತಾನ." ಬಾಗಿಲಲ್ಲಿ ಈರಣ್ಣ ಬಂದು ನಿಂತಿರುತ್ತಿದ್ದ.

ಸಕ್ಕರೆ ಕಾಯಿಲೆ ಬಂದಾಗ ನಕ್ಕರು. ನಾನು ಸಪ್ಪೆ ಚಹಾ ಕೊಟ್ಟರೆ ಲೋಟದೊಳಗೆ ಇಣುಕಿ, "ಇದು ಚಹಾನೋ, ನೂಲು ಅದ್ದಿದ ನೀರೋ?" ಎನ್ನುತ್ತಿದ್ದರು. ಗುಳಿಗೆ ತಪ್ಪಿಸುತ್ತಿರಲಿಲ್ಲ, ಜೋಳದ ರೊಟ್ಟಿ ಬಿಟ್ಟು ಅನ್ನ ಕೇಳುತ್ತಿರಲಿಲ್ಲ. ಆದರೆ ಆ ಕಾಯಿಲೆ ಎಲ್ಲಿಂದ ಒಳಗೆ ಬರುತ್ತದೆ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಅದು ಕಾಲಿನಿಂದ ಬಂತು.

ನನ್ನ ತವರಿಗೆ ಹೋಗುವಾಗ ಮಕ್ತಲದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಮಹಬೂಬ್ ಸಾಬರ ಚಪ್ಪಲಿ ಅಂಗಡಿ. ನಾವು ಬೇರೆ ಕಡೆ ಕೊಂಡವರೇ ಅಲ್ಲ. ಒಂದು ಸಲ ಮುಂಜಾನೆಯ ಬಸ್ಸಿಗೆ ಹೋಗಿ ಇಳಿದೆವು. ಸಾಬರು ಎಂದಿನ ಅಳತೆಯದನ್ನು ಇಟ್ಟರು. ಇವರು ಕಣ್ಣು ಮುಚ್ಚಿ ನಡೆದು ತಲೆಯಾಡಿಸಿದರು.

"ಸಡ್ಲ ಐತಿ. ಕಾಲಾಗ ಐತೋ ಇಲ್ಲೋ ತಿಳೀವಲ್ದು. ಒಂದು ನಂಬರ್ ಸಣ್ಣದು ತೆಗೀರಿ."

"ಕ್ಯಾ ಶರಣಪ್ಪ ಭಾಯ್, ಮನಷ್ಯಾಗ ವಯಸ್ಸಾದ್ರ ಹೊಟ್ಟಿ ಬೆಳೀತೈತಿ, ನಿಮ್ದು ಕಾಲು ಸಣ್ಣಾಗಾಕ ಹತ್ಯಾವೇನು?"

"ಕಾಲು ಸಣ್ಣ ಆಗ್ಯಾವೋ, ನಿಮ್ಮ ಚಪ್ಪಲಿ ಹಿಗ್ಯಾವೋ ಯಾರಿಗ್ಗೊತ್ತು! ತೆಗೀರಿ ನೀವು."

ಸಣ್ಣದನ್ನು ಹಾಕಿಕೊಂಡಾಗ ಮುಖ ಅರಳಿತು. "ಹಾಂ! ಇದು ಹಿಡದೈತಿ ನೋಡು ನೀಲಾ. ಯಾರರ ಕೈ ಹಿಡದಂಗ." ಬಿಗಿಯಾದ ಪಟ್ಟಿ, ಬೆರಳ ಸಂದಿಯಲ್ಲಿ ಉಂಗುಟ, ಚೂಪಾದ ಮುಂಭಾಗ. ನನ್ನ ಕಣ್ಣಿಗೆ ಕಿರುಬೆರಳು ಹೊರಗೆ ಉಳಿದಂತೆ ಕಂಡಿತು. ಹೇಳಿದೆ ಕೂಡ. ಅವರು ಕೇಳಿದ್ದು ಕಾಲಿನ ಮಾತು. ಬದುಕೆಲ್ಲ ಸುಳ್ಳು ಹೇಳದ ಕಾಲು ಅದು. ಈಗ ಮಾತ್ರ ಯಾಕೆ ಹೇಳೀತು?

ಊರಿಗೆ ಮರಳಿದ ದಿನ ಬಚ್ಚಲಿನಲ್ಲಿ ಕಾಲು ತೊಳೆದು ಪಡಸಾಲೆಗೆ ಬಂದರು. ಹಿಂದೆ ಒದ್ದೆ ಹೆಜ್ಜೆಗಳು. ಬಲಗಾಲಿನ ಪ್ರತಿ ಹೆಜ್ಜೆಯ ಅಂಚಿನಲ್ಲಿ ಕೆಂಪು.

"ಕಾಲಿಗೆ ಏನಾಗೈತ್ರಿ?"

"ಏನಾಗೈತಿ?" ಎಂದು ಅವರು ನನ್ನನ್ನೇ ಕೇಳಿದರು.

ಕೂರಿಸಿ ನೋಡಿದೆ. ಕಿರುಬೆರಳ ಪಕ್ಕ ಚರ್ಮ ಸುಲಿದು ಹೋಗಿತ್ತು. ಮಕ್ತಲದಿಂದ ಜುರಾಲ ಕಟ್ಟೆ ದಾಟಿ ಗದ್ವಾಲದವರೆಗೆ ನನ್ನ ಪಕ್ಕದಲ್ಲಿ ಕುಳಿತು, ಹೊಳೆ ತುಂಬಿದ್ದನ್ನು ನೋಡುತ್ತ, ಶೇಂಗಾ ತಿನ್ನುತ್ತ ಬಂದಿದ್ದ ಮನುಷ್ಯ. ನನ್ನ ಕಾಲಿಗೆ ಅಷ್ಟಾಗಿದ್ದರೆ ಬಸ್ಸಿನಲ್ಲಿ ಕೂಗಿಕೊಳ್ಳುತ್ತಿದ್ದೆ.

ಆ ಗಾಯ ಮಾಯಿತು. ಆದರೆ ಮಗ್ಗದಲ್ಲಿ ತಪ್ಪುಗಳು ಶುರುವಾದವು. ಎಳೆಗಳು ಪೂರ್ತಿ ತೆರೆಯುವ ಮೊದಲೇ ಲಾಳಿ ಬಿಡುವರು. ಅದು ಎಳೆಗಳಿಗೆ ಹಾಯ್ದು ಕಡಿದು ಹಾಕುವುದು. ಅವರು ನೂಲಿಗೆ ಬೈದರು, ನೂಲಿಗೆ ಹಚ್ಚಿದ ಗಂಜಿಗೆ ಬೈದರು, ಗಾಳಿ ಒಣಗಿದೆ ಎಂದರು. ನಾನು ಕಡಿದ ಎಳೆಗಳನ್ನು ಗಂಟು ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಕೈ ನಿಲ್ಲಿಸಿದರು. ಬಹಳ ಹೊತ್ತು ಎದುರಿನ ಗೋಡೆ ನೋಡಿದರು. ಆಮೇಲೆ, ಪಕ್ಕದ ಮನೆಗೆ ಕೇಳಿಸಬಾರದು ಎನ್ನುವಷ್ಟು ಸಣ್ಣ ದನಿಯಲ್ಲಿ ಕೇಳಿದರು.

"ನೀಲಾ, ಹಲಗಿ ಎಲ್ಲೈತಿ?"

ನಾನು ಬಗ್ಗಿ ಕುಣಿಯೊಳಗೆ ನೋಡಿದೆ. ಅವರ ಕಾಲು ಹಲಗೆಯ ಮೇಲೆಯೇ ಇತ್ತು.

ನಾರಾಯಣಪೇಟೆಯಲ್ಲಿ ಅವರ ಅಕ್ಕನ ಮನೆ. ಆ ಅಕ್ಕನೂ ಸಕ್ಕರೆ ಕಾಯಿಲೆಗೆ ಅಲ್ಲಿಯ ಒಬ್ಬ ಡಾಕ್ಟರ ಹತ್ತಿರ ತೋರಿಸುತ್ತಿದ್ದಳು. ಅಲ್ಲಿಗೇ ಕರೆದುಕೊಂಡು ಹೋದೆ. ಕಾಲು ನೋಡುವ ನರ್ಸ್ ಕೆ.ಟಿ. ದೊಡ್ಡಿ ಕಡೆಯ ಹೆಣ್ಣುಮಗಳು, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು, ಎರಡೂ ಕೈ ತುಂಬ ಗಾಜಿನ ಬಳೆ. ಇವರನ್ನು ಮಂಚದ ಮೇಲೆ ಮಲಗಿಸಿ ಒಂದು ಗಟ್ಟಿ ಪ್ಲಾಸ್ಟಿಕ್ ಎಳೆಯನ್ನು ಕೈಗೆತ್ತಿಕೊಂಡಳು.

"ಕಾಕಾ, ಕಣ್ಣು ಮುಚ್ಚರಿ. ಈ ಎಳಿ ಅಂಗಾಲಿಗೆ ಮುಟ್ಟಿದಾಗ ಹೂಂ ಅನ್ನಬೇಕು. ಅಷ್ಟ."

ಇವರು ನಕ್ಕರು. "ಎಳಿನೇನವ್ವಾ? ಹುಟ್ಟಿದಾಗಿಂದ ಅದರಾಗ ಅದೀನಿ. ಮುಟ್ಟು ಮುಟ್ಟು."

ಕಣ್ಣು ಮುಚ್ಚಿದರು. ಹೂಂ ಎಂದರು. ಇನ್ನೊಮ್ಮೆ ಹೂಂ. ಮತ್ತೊಮ್ಮೆ ಹೂಂ. ಸರಿಯಾದ ಹೊತ್ತಿಗೆ, ಲಾಳಿ ಬಿಟ್ಟಷ್ಟು ತಾಳಬದ್ಧವಾಗಿ. ನಾನು ಒಳಗೊಳಗೇ ಸಮಾಧಾನಪಟ್ಟೆ. ನರ್ಸ್ ಮಾತ್ರ ಅವರ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ಎಳೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. ಬರಿಗೈಯನ್ನು ಗಾಳಿಯಲ್ಲಿ ಆಡಿಸಿದಳು. ಬಳೆ ಘಲ್ಲೆಂದವು.

"ಹೂಂ," ಎಂದರು ಇವರು.

"ಕಾಕಾ, ನಾ ಮುಟ್ಟೇ ಇಲ್ಲಲ್ಲ."

ಅವರು ಕಣ್ಣು ತೆರೆಯಲಿಲ್ಲ. ನರ್ಸ್ ಬಳೆಗಳನ್ನೆಲ್ಲ ಮೊಣಕೈಗೆ ಸರಿಸಿ, ಸದ್ದಾಗದಂತೆ ಮತ್ತೆ ಎಳೆ ಮುಟ್ಟಿಸಿದಳು. ಹೆಬ್ಬೆರಳಿಗೆ, ಬೆರಳ ಬುಡಕ್ಕೆ, ಹಿಮ್ಮಡಿಗೆ. ಎಳೆ ಬಾಗುವಷ್ಟು ಒತ್ತಿದಳು. ನಾನು ನೋಡುತ್ತಿದ್ದೆ. ಅವರು ಹೂಂ ಎನ್ನಲಿಲ್ಲ.

ಆಮೇಲೆ ಅವಳು ನೆಲದ ಮೇಲೆ ಹಳೆಯ ರಟ್ಟು ಹಾಸಿ, ಅವರನ್ನು ಅದರ ಮೇಲೆ ನಿಲ್ಲಿಸಿ, ಎರಡೂ ಪಾದಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಳು. ಗೆರೆಯ ಪ್ರಕಾರ ಕತ್ತರಿಸಿ, ಆ ಆಕಾರವನ್ನು ಅವರ ಚಪ್ಪಲಿಯ ಮೇಲೆ ಇಟ್ಟು ತೋರಿಸಿದಳು. ಎರಡೂ ಬದಿಗೆ ರಟ್ಟು ಹೊರಗೆ ಚಾಚಿತ್ತು.

"ಇಷ್ಟು ದೊಡ್ಡ ಕಾಲು ನಂದೇನು?"

"ನಿಮ್ದೇ ಕಾಕಾ. ಕಾಲಿನ ನರ ಜಡ್ಡುಗಟ್ಟ್ಯಾವ. ಬಿಗಿ ಇದ್ರಷ್ಟ ಚಪ್ಪಲಿ ಐತಿ ಅಂತ ತಿಳೀತೈತಿ ನಿಮಗ. ಅದಕ್ಕ ಎಲ್ಲಾರೂ ಬಿಗಿದ ತಗೋತಾರ, ಕಡೀಕ ಗಾಯ ಮಾಡ್ಕೊಂಡು ಬರತಾರ. ಇನ್ನ ಮ್ಯಾಲೆ ಕಾಲಿಗೆ ಕೇಳಬ್ಯಾಡ್ರಿ. ಈ ರಟ್ಟಿಗೆ ಕೇಳ್ರಿ, ಕಾಕಿ ಕಣ್ಣಿಗೆ ಕೇಳ್ರಿ."

ಅವಳು ಹೇಳಿದ್ದನ್ನೆಲ್ಲ ನಾನು ಮನಸ್ಸಿನಲ್ಲಿಟ್ಟುಕೊಂಡೆ. ಚಪ್ಪಲಿ ಕೊಳ್ಳಲು ಸಂಜೆ ಹೋಗಬೇಕು, ದಿನವೆಲ್ಲ ಓಡಾಡಿದ ಕಾಲು ಸಂಜೆಗೆ ಉಬ್ಬಿರುತ್ತದೆ. ಕುಳಿತು ಅಲ್ಲ, ನಿಂತು ನೋಡಬೇಕು. ಎರಡು ಕಾಲಿನಲ್ಲಿ ದೊಡ್ಡದು ಯಾವುದೋ ಅದರ ಅಳತೆಗೆ ಕೊಳ್ಳಬೇಕು. ಬೆರಳ ಸಂದಿಯ ಉಂಗುಟ ಬೇಡ. ಮುಂದೆ ಅಗಲವಾಗಿರಬೇಕು, ಬೆರಳ ತುದಿಗೂ ಅಂಚಿಗೂ ನಡುವೆ ಒಂದು ಹೆಬ್ಬೆರಳಗಲ ಜಾಗ ಇರಬೇಕು, ಹಿಂದೆ ಹಿಮ್ಮಡಿಗೆ ಪಟ್ಟಿ ಇರಬೇಕು. ಒಳಗೆ ಮೆತ್ತಗೆ, ಕೆಳಗೆ ಮುಳ್ಳು ನಾಟದಷ್ಟು ಗಟ್ಟಿ. ಹೊಸದನ್ನು ಮೊದಲ ದಿನವೇ ಊರೆಲ್ಲ ಮೆಟ್ಟಬಾರದು, ಸ್ವಲ್ಪ ಹೊತ್ತು ಹಾಕಿ, ಬಿಚ್ಚಿ, ಚರ್ಮ ಎಲ್ಲಾದರೂ ಕೆಂಪಾಗಿದೆಯೇ ನೋಡಬೇಕು. ಹಾಕಿಕೊಳ್ಳುವ ಮೊದಲು ಪ್ರತಿ ಸಲ ಒಳಗೆ ಕೈಯಾಡಿಸಬೇಕು. ಕೊನೆಗೆ ಅವಳು ಹೇಳಿದ್ದು, "ಬರಿಗಾಲಾಗ ಒಂದು ಹೆಜ್ಜಿನೂ ಇಡಂಗಿಲ್ಲ. ಮನಿಯಾಗೂ ಇಡಂಗಿಲ್ಲ."

ಮರಳುವಾಗ ಮಕ್ತಲದಲ್ಲಿ ಸಂಜೆಯಾಗುವವರೆಗೆ ಬಸ್ ನಿಲ್ದಾಣದಲ್ಲಿ ಕುಳಿತಿದ್ದು ಸಾಬರ ಅಂಗಡಿಗೆ ಹೋದೆವು. ಚೀಲದಿಂದ ರಟ್ಟಿನ ಪಾದಗಳನ್ನು ತೆಗೆದೆ. ಸಾಬರು ಅವುಗಳನ್ನು ಬೆಳಕಿಗೆ ಹಿಡಿದು, "ಭಾಯ್, ಕಾಲು ಮನಿಯಾಗ ಬಿಟ್ಟು ಇವನ್ನ ಕಳಿಸಿದ್ರೂ ನಡೀತಿತ್ತಲ್ಲ!" ಎಂದರು. ಎಂದಿನಂತಿದ್ದರೆ ಇವರು ಮರುಮಾತು ಕೊಡುತ್ತಿದ್ದರು. ಅಂದು ಹಳೆಯ ಜೋಡು ಬಿಚ್ಚತೊಡಗಿದರು.

ಸಾಬರು ನಗು ನಿಲ್ಲಿಸಿ, ಒಳಗಿನಿಂದ ಅಗಲ ಮೂತಿಯ, ಮೆತ್ತನೆಯ ಅಡಿಯ ಜೋಡೊಂದನ್ನು ತಂದರು. ಎಳೆದರೆ ಚರ್ರ್ ಎಂದು ಬಿಚ್ಚುವ, ಒತ್ತಿದರೆ ಅಂಟುವ ಪಟ್ಟಿಗಳು. ಇವರು ಹಾಕಿಕೊಂಡು ನಿಂತು ಕಣ್ಣು ಮುಚ್ಚಿದರು.

"ಕಣ್ಣು ತೆರೀರಿ," ಎಂದೆ.

ತೆರೆದರು. ಮೊದಲ ಸಲ ಚಪ್ಪಲಿಯ ಕಡೆ ನೋಡುತ್ತ ನಡೆದರು. ಹೊಸದಾಗಿ ನಡೆಯಲು ಕಲಿತವರ ಹಾಗೆ.

"ಏನೂ ಹಾಕ್ಕೊಂಡಂಗೇ ಇಲ್ಲಲ್ಲ ನೀಲಾ. ಯಾರದೋ ಕಾಲು ನಡ್ಯಾಕ ಹತ್ತಿದಂಗ ಐತಿ."

"ನಾ ನೋಡಾಕ ಹತ್ತೀನಲ್ಲ. ಸರಿ ಕುಂತೈತಿ."

"ನೀ ಅಂದ್ರ ಸರಿ," ಎಂದರು. ಆ ಮಾತಿನಲ್ಲಿ ಒಪ್ಪಿಗೆಗಿಂತ ಸೋಲು ಹೆಚ್ಚಿತ್ತು.

ಬೀದಿಯ ಚಪ್ಪಲಿಯ ವಿಷಯ ಹೀಗೆ ಮುಗಿಯಿತು. ಮನೆಯೊಳಗೂ ಒಂದು ಜೋಡು ಇಟ್ಟೆವು. ಮಗ್ಗದ ವಿಷಯ ಮುಗಿಯಲಿಲ್ಲ. ನಮ್ಮಲ್ಲಿ ಮಗ್ಗವೆಂದರೆ ದೇವರ ಕೋಣೆಯ ಹಾಗೆ. ಕುಣಿಗೆ ಇಳಿಯುವ ಮೊದಲು ಕಾಲು ತೊಳೆದು, ಮಗ್ಗದ ಕಟ್ಟಿಗೆಗೆ ಕೈಮುಗಿದು ಇಳಿಯಬೇಕು. ಚಪ್ಪಲಿ ಆ ಕೋಣೆಯ ಹೊಸ್ತಿಲನ್ನು ದಾಟಿದ್ದನ್ನು ನಾನು ಕಂಡಿರಲಿಲ್ಲ.

"ನರ್ಸ್ ಏನಂದ್ಳು, ನೆನಪೈತಿಲ್ಲೋ?" ಎಂದರೆ, ಅವರು ಎಂದೂ ಇಲ್ಲದ ಸಿಟ್ಟಿನಲ್ಲಿ ತಿರುಗಿದರು. "ಅಕಿಗೇನು ಗೊತ್ತು ಮಗ್ಗ? ನಮ್ಮಪ್ಪ ಕೈಮುಗುದು ಇಳದ ಕುಣಿ ಅದು. ಚಪ್ಪಲಿ ಹಾಕ್ಕೊಂಡು ಇಳೀಲೇನು? ಅದಕ್ಕಿಂತ ಕಾಲು ಹ್ವಾದ್ರ ಹೋಗ್ಲಿ."

ಅದು ಬರಿ ಮಾತಾಗಿ ಉಳಿಯಲಿಲ್ಲ. ಕೆಲವು ತಿಂಗಳ ಮೇಲೆ ಹಲಗೆಯಿಂದ ಎದ್ದ ಕಟ್ಟಿಗೆಯ ಸಿಬಿರು ಅವರ ಅಂಗಾಲಿಗೆ ಹೊಕ್ಕಿತು. ಅವರಿಗೆ ತಿಳಿಯಲಿಲ್ಲ. ದಿನಾ ಸಂಜೆ ಅವರ ಪಾದ ನೋಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೆ. ಆ ವಾರ ನಾನು ಇಟಿಕ್ಯಾಲದಲ್ಲಿ ಮಗಳ ಬಾಣಂತನದಲ್ಲಿದ್ದೆ. ಬಂದು ನೋಡುವಷ್ಟರಲ್ಲಿ ಪಾದ ಉಬ್ಬಿ, ಹೆಬ್ಬೆರಳ ಬುಡ ಕಪ್ಪಗಾಗಿತ್ತು. ಡಾಕ್ಟರು ಗಾಯವನ್ನು ಕೊಯ್ದು ತೊಳೆದರು. ನನ್ನನ್ನು ಹೊರಗೆ ಕರೆದು, ಬೆರಳು ಉಳಿಯುವುದೋ ಇಲ್ಲವೋ ಈಗಲೇ ಹೇಳಲಾರೆ, ಮೇಲಕ್ಕೆ ಏರಿದರೆ ಪಾದವನ್ನೇ ತೆಗೆಯಬೇಕಾದೀತು ಎಂದರು.

ಆ ಮಳೆಗಾಲವೆಲ್ಲ ಮಗ್ಗ ನಿಂತಿತ್ತು. ಓಣಿಯ ಬೇರೆ ಮನೆಗಳಿಂದ ಲಾಳಿಯ ಸದ್ದು ಬರುತ್ತಿತ್ತು, ನಮ್ಮ ಮನೆಯಿಂದ ಇಲ್ಲ. ಅವರು ಕಾಲನ್ನು ದಿಂಬಿನ ಮೇಲಿಟ್ಟು ಪಡಸಾಲೆಯಲ್ಲಿ ಮಲಗಿರುತ್ತಿದ್ದರು. ನಾನು ಪಟ್ಟಿ ಬಿಚ್ಚಿ, ತೊಳೆದು, ಮತ್ತೆ ಕಟ್ಟುತ್ತಿದ್ದೆ. ಮೊದಮೊದಲು ನಾಚುತ್ತಿದ್ದರು, ಹೆಂಡತಿಯ ತೊಡೆಯ ಮೇಲೆ ಕಾಲಿಡುವುದೆಂದರೆ. ಆಮೇಲೆ ನನ್ನ ಕೈಗಳನ್ನೇ ನೋಡುತ್ತಿದ್ದರು. ಒಂದು ದಿನ ಎಂದರು.

"ನೀ ಮುಟ್ಟಿದ್ದು ನಂಗ ಕಣ್ಣಿಗಷ್ಟ ಗೊತ್ತಾಗತೈತಿ ನೀಲಾ. ಅತ್ತಾಗ ನೋಡಿದ್ರ ನೀ ಇಲ್ಲ."

ಅಂದಿನಿಂದ ಪಟ್ಟಿ ಕಟ್ಟುವಾಗ ಏನಾದರೂ ಮಾತಾಡುತ್ತಿದ್ದೆ. ಓಣಿಯ ಸುದ್ದಿ, ಮೊಮ್ಮಗಳ ಸುದ್ದಿ. ಅತ್ತ ತಿರುಗಿ ಮಲಗಿದ್ದರೂ ನಾನು ಅಲ್ಲಿದ್ದೇನೆ ಎಂದು ತಿಳಿಯಲಿ ಎಂದು.

ಬೆರಳು ಉಳಿಯಿತು. ಗಾಯ ಮಾಯುವ ಹೊತ್ತಿಗೆ ನಾನು ಒಬ್ಬಳೇ ಮಕ್ತಲಕ್ಕೆ ಹೋಗಿ, ಗಾಯವಾದ ಮೇಲೆ ಹೊಸದಾಗಿ ಕತ್ತರಿಸಿದ ರಟ್ಟು ತೋರಿಸಿ, ಇನ್ನೊಂದು ಜೋಡು ತಂದೆ. ಅಡಿ ಬಾಗುವಂಥದು, ಆದರೆ ಸಿಬಿರು ತೂರದಂಥದು. ಅದನ್ನು ನೆಲಕ್ಕೆ ತಾಗಿಸದೆ ಹೊಸ ಅರಿವೆಯಲ್ಲಿ ಸುತ್ತಿ ಮಗ್ಗದ ಕೋಣೆಯ ಗೂಡಿನಲ್ಲಿಟ್ಟೆ. ಅವರು ನೋಡಿದರು, ಮುಟ್ಟಲಿಲ್ಲ.

ಮತ್ತೆ ಮಗ್ಗಕ್ಕೆ ಕೂಡುವ ದಿನ ಸೋಮವಾರ. ಸ್ನಾನ ಮಾಡಿ ಬಂದು, ವಿಭೂತಿ ತೇಯ್ದು, ಮಗ್ಗದ ಕಂಬಕ್ಕೆ ಹಚ್ಚಿದರು. ಲಾಳಿಗೆ ಹಚ್ಚಿದರು, ನೂಲು ಬಡಿಯುವ ಹಣಿಗೆಗೆ ಹಚ್ಚಿದರು. ನನ್ನ ಅಂಚಿನ ಲಾಳಿಗೂ ಹಚ್ಚಿದರು. ಕುಣಿಯ ಅಂಚಿನಲ್ಲಿ ಬಹಳ ಹೊತ್ತು ಬರಿಗಾಲಲ್ಲಿ ನಿಂತರು. ಅವರು ಹಾಗೇ ಇಳಿದರೆ ನಾನು ತಡೆಯಲಾರೆ, ಅಳಲೂ ಆರೆ ಎಂದು ನನಗೆ ಅನ್ನಿಸುತ್ತಿತ್ತು.

"ಆ ಜೋಡು ಇತ್ತ ತಾ."

ಕೊಟ್ಟೆ. ಅರಿವೆ ಬಿಚ್ಚಿ, ಅಡಿ ಮೇಲೆ ಮಾಡಿ ನೋಡಿದರು. ಧೂಳಿನ ಕಣವಿಲ್ಲ. ಅದಕ್ಕೂ ವಿಭೂತಿಯ ಬೆರಳು ಎಳೆದರು.

"ಲಾಳಿಗೆ ಹಚ್ಚತೀವಿ, ಹಣಿಗಿಗೆ ಹಚ್ಚತೀವಿ. ಇದೂ ಮಗ್ಗದ ಸಾಮಾನ ಅಂತ ತಿಳಕೋತೀನಿ. ನಮ್ಮಪ್ಪ ಬೈದ್ರ ನಿನ್ನ ಹೆಸರು ಹೇಳತೀನಿ."

"ಹೇಳ್ರಿ. ನಾ ಮಾತಾಡತೀನಿ ಮಾವಾರ ಜೋಡಿ," ಎಂದೆ. ಇಬ್ಬರೂ ನಕ್ಕೆವು. ಚರ್ರ್ ಎಂದು ಪಟ್ಟಿ ಎಳೆದು ಕಟ್ಟಿಕೊಂಡು ಇಳಿದರು.

ಚಪ್ಪಲಿಯ ಕಾಲಿಗೆ ಹಲಗೆ ಸ್ವಲ್ಪವೂ ತಿಳಿಯುತ್ತಿರಲಿಲ್ಲ. ಮೊದಲ ಸಲ ಒತ್ತಿ, ಕೈ ತಡೆದು, ನನ್ನ ಕಡೆ ಅರ್ಧ ತಿರುಗಿ ಕೇಳಿದರು.

"ತೆರದೈತೇನ?"

ನಾನು ಎಳೆಗಳನ್ನು ನೋಡಿದೆ. "ತೆರದೈತ್ರಿ. ಬಿಡ್ರಿ."

ಲಾಳಿ ಬಂತು. ನನ್ನ ಎಳೆ ಸಿಕ್ಕಿಸಿ ಕಳುಹಿಸಿದೆ. ಅವರಿಗೂ ಕಣ್ಣಿತ್ತು, ಎಳೆ ಅವರಿಗೂ ಕಾಣುತ್ತಿತ್ತು. ಆದರೆ ನೋಡಿ ನೇಯುವುದು ಅವರಿಗೆ ಗೊತ್ತಿರಲಿಲ್ಲ. ಕೇಳಿಸಿಕೊಂಡು ನೇಯುವವರು. ಕಾಲಿನ ಮಾತು ನಿಂತಮೇಲೆ ನನ್ನ ಮಾತು ಹಿಡಿದುಕೊಂಡರು. ಹೀಗೆ ಪ್ರತಿ ಎಳೆಗೂ ತೆರದೈತೇನ, ತೆರದೈತ್ರಿ. ಹೊರಗೆ ಹೋಗುವವರು, ಇವರಿಗೆ ಹುಚ್ಚು ಹಿಡಿದಿದೆಯೋ ಎಂದು ಕಿಟಕಿಯಲ್ಲಿ ಇಣುಕುತ್ತಿದ್ದರು. ದಿನ ಕಳೆದಂತೆ ಮಾತು ಚಿಕ್ಕದಾಯಿತು. "ಐತಿ?" "ಹೂಂ." ಸೀರೆ ನಿಧಾನವಾಗಿ ಇಳಿಯುತ್ತಿತ್ತು, ಆದರೆ ಎಳೆ ಕಡಿಯುತ್ತಿರಲಿಲ್ಲ.

ಆ ವರ್ಷಗಳಲ್ಲಿ ಅವರು ಓಣಿಗೆಲ್ಲ ಚಪ್ಪಲಿ ಡಾಕ್ಟರಾದರು. ಚಹಾದ ಅಂಗಡಿಯಲ್ಲಿ ಕುಳಿತು ಹೋಗುವವರ ಕಾಲು ನೋಡುವರು. "ಏ ಈರಣ್ಣ, ಶುಗರ್ ಐತಿ ಅಂತೀ, ಆ ಉಂಗುಟದ ಚಪ್ಪಲಿ ಇನ್ನೂ ಬಿಟ್ಟಿಲ್ಲೇನೋ? ಸಂಜಿಕ ಹೋಗಿ ಅಗಲಂದು ತಗೋ. ಹೋಗಾಗ ಹೆಂಡ್ತಿನ ಕರ್ಕೊಂಡು ಹೋಗು."

"ಹೆಂಡ್ತಿ ಯಾಕಣ್ಣ? ಚಪ್ಪಲಿ ನಂಗಲ್ಲೇನು?"

"ನಿನ್ನ ಕಾಲು ಸುಳ್ಳು ಹೇಳತೈತೋ. ಅಕಿ ಹೇಳಂಗಿಲ್ಲ."

ದಿನಾ ಮುಂಜಾನೆ ಮೂರೂ ಜೋಡಿನೊಳಗೆ ಕೈಯಾಡಿಸುವುದು ನನ್ನ ಕೆಲಸ. ಒಮ್ಮೆ ಹುಣಸೆಬೀಜ ಸಿಕ್ಕಿತ್ತು, ಒಮ್ಮೆ ಮೊಮ್ಮಗಳ ಕ್ಲಿಪ್ಪು. ಸಂಜೆ ಮೊಬೈಲಿನ ಬ್ಯಾಟರಿ ಹಚ್ಚಿ ಅಂಗಾಲು ನೋಡುವುದು. ಏನೂ ಇಲ್ಲದಿದ್ದರೆ ಅಂಗಾಲಿಗೆ ಮೆಲ್ಲಗೆ ಒಂದು ಏಟು ಹೊಡೆದು "ಪಾಸ್" ಎನ್ನುತ್ತಿದ್ದೆ. "ಎರಡೂ ಕಾಲು ತಗೊಂಡೇ ಹೋಗತೀನಿ ನೋಡು," ಎನ್ನುತ್ತಿದ್ದರು. ಹಾಗೇ ಹೋದರು.

ಹೋದ ಬೇಸಿಗೆಯ ಒಂದು ಬೆಳಗು. ಹಸಿರು ಅಂಚಿನ ಸೀರೆ, ಸೆರಗಿಗೆ ಇನ್ನು ಸ್ವಲ್ಪವೇ ಇತ್ತು. ಅವರ ಹಣೆಯ ಮೇಲೆ ಬೆವರು ಕಂಡಿತು. ನೀರು ಬೇಕೇ ಎಂದೆ, ಬೇಡ ಎಂದರು. ಎದೆ ನೋಯುತ್ತಿದೆ ಎನ್ನಲಿಲ್ಲ. ಸಕ್ಕರೆ ಇರುವವರಲ್ಲಿ ಕೆಲವರಿಗೆ ಎದೆಯ ನೋವೂ ತಿಳಿಯುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು.

"ಐತಿ?" ಎಂದು ಕೇಳಿದರು.

"ಹೂಂ," ಎಂದೆ. ರೇಷ್ಮೆಯ ಎಳೆ ಹಿಡಿದು ಕಾದೆ. ಲಾಳಿ ಬರಲಿಲ್ಲ.

"ತೆರದೈತ್ರಿ. ಬಿಡ್ರಿ," ಎಂದೆ.

ತಿರುಗಿ ನೋಡಿದೆ. ತಲೆ ಹಾಸಿನ ಕಡೆ ವಾಲಿತ್ತು. ಕಣ್ಣು ಮುಚ್ಚಿದ್ದವು. ಎಳೆಗಳು ತೆರೆದೇ ಇದ್ದವು. ಅವರ ಕಾಲು ಹಲಗೆಯನ್ನು ಇನ್ನೂ ಒತ್ತಿಕೊಂಡಿತ್ತು.

ಜನ ಬಂದು ಎತ್ತುವ ಮೊದಲು ನಾನೇ ಕುಣಿಗೆ ಇಳಿದು ಚಪ್ಪಲಿಯ ಪಟ್ಟಿ ಬಿಚ್ಚಿದೆ. ಆ ಚರ್ರ್ ಎನ್ನುವ ಸದ್ದು ಅಂದು ಮನೆಯ ತುಂಬ ಕೇಳಿಸಿತು. ಪಾದಗಳನ್ನು ತಿರುಗಿಸಿ ನೋಡಿದೆ. ಎಲ್ಲೂ ಕೆಂಪಿರಲಿಲ್ಲ.

ಅವರ ದಿನಕರ್ಮವೆಲ್ಲ ಮುಗಿದ ಮೇಲೆ ಈರಣ್ಣ ಬಂದು, ಅಣ್ಣನ ಬೀದಿ ಚಪ್ಪಲಿ ಹಾಗೇ ಇದ್ದರೆ ಕೊಡಬಹುದೇ ಎಂದು ಹಿಂಜರಿಯುತ್ತ ಕೇಳಿದ. ಅವನಿಗೂ ಈಗ ಅಂಗಾಲು ಜುಮುಗುಡುತ್ತದೆಯಂತೆ. "ಅವು ಅವರ ಕಾಲಿಗೆ ಬಗ್ಗ್ಯಾವಪ್ಪಾ. ನಿನಗ ಗಾಯ ಮಾಡತಾವ," ಎಂದೆ. ಹಳೆಯ ರಟ್ಟೊಂದನ್ನು ನೆಲಕ್ಕೆ ಹಾಸಿ, ಅವನನ್ನು ನಿಲ್ಲಿಸಿ, ಅವನ ಪಾದಗಳ ಸುತ್ತ ಗೆರೆ ಎಳೆದು ಕತ್ತರಿಸಿ ಕೊಟ್ಟೆ. ಸಂಜೆ ಹೋಗು, ಹೆಂಡತಿಯನ್ನು ಕರೆದುಕೊಂಡು ಹೋಗು ಎಂದೆ. ಹಾಗೆ ಹೇಳುವಾಗ ದನಿ ನನ್ನದಾಗಿರಲಿಲ್ಲ.

ಮಗಳು ಇಟಿಕ್ಯಾಲಕ್ಕೆ ಬಾ ಎನ್ನುತ್ತಾಳೆ. ಮಗ್ಗದ ಮೇಲೆ ಸೀರೆ ಇದೆ, ಮುಗಿಸಿ ಬರುತ್ತೇನೆ ಎಂದು ಹೇಳುತ್ತಲೇ ಇದ್ದೇನೆ. ಮುಂಜಾನೆ ಎದ್ದು ಮೂರೂ ಜೋಡಿನೊಳಗೆ ಕೈಯಾಡಿಸುತ್ತೇನೆ. ಯಾರೂ ಹಾಕಿಕೊಳ್ಳುವುದಿಲ್ಲವೆಂದು ಗೊತ್ತು. ಕೈಗೆ ಗೊತ್ತಿಲ್ಲ. ಒಳಗೆ ಐದು ಬೆರಳಿನ ತಗ್ಗು, ಹಿಮ್ಮಡಿಯ ತಗ್ಗು ಹಾಗೇ ಇವೆ.

ನಿನ್ನೆ ಸ್ನಾನ ಮಾಡಿ, ಮಗ್ಗಕ್ಕೆ ವಿಭೂತಿ ಹಚ್ಚಿ, ಅವರ ಜಾಗದಲ್ಲಿ ಕುಳಿತೆ. ಇಷ್ಟು ವರ್ಷದಲ್ಲಿ ಆ ಜಾಗದಲ್ಲಿ ಕುಳಿತವಳಲ್ಲ. ಕುಣಿಯೊಳಗೆ ಬರಿಗಾಲು ಇಳಿಬಿಟ್ಟೆ. ತಣ್ಣಗಿತ್ತು. ಹಲಗೆಯನ್ನು ಹುಡುಕಬೇಕಾಗಲಿಲ್ಲ. ಅವರ ಪಾದದ ತಗ್ಗಿನಲ್ಲಿ ನನ್ನ ಪಾದ ಹೋಗಿ ಕುಳಿತಿತು, ಸುತ್ತಲೂ ಜಾಗ ಉಳಿಯಿತು. ಒತ್ತಿದೆ. ಎಳೆಗಳು ತೆರೆದವು. ಕಾಲಿಗೂ ತಿಳಿಯಿತು, ಕಣ್ಣಿಗೂ ಕಂಡಿತು.

ಆದರೂ ಎಡಗಡೆಗೆ ಅರ್ಧ ತಿರುಗಿ ಕೇಳಿದೆ.

"ತೆರದೈತೇನ್ರಿ?"

ಕಾಲನ್ನು ಎತ್ತದೆ, ಲಾಳಿ ಹಿಡಿದುಕೊಂಡು, ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದೆ.